ಮ್ಯೂ ಎಂಬ ಒಂದೇ ಅಕ್ಷರಕ್ಕೆ ಇಷ್ಟೊಂದು ಅರ್ಥಗಳೇಕೆ?

ಪ್ರಶ್ನೆ

ಭೌತಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಒಟ್ಟಿಗೆ ಓದುತ್ತಿದ್ದೇನೆ. ಎಡಗಡೆಗೆ ಬಾಲ ಇಳಿಬಿಟ್ಟ ಇಂಗ್ಲಿಷ್ ‘ಯು’ ಅಕ್ಷರದಂತೆ ಕಾಣುವ ಮ್ಯೂ ಎಂಬ ಗ್ರೀಕ್ ಅಕ್ಷರ ನನ್ನನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸುತ್ತಿದೆ. ಯಂತ್ರಶಾಸ್ತ್ರದ ಅಧ್ಯಾಯದಲ್ಲಿ ಅದು ಘರ್ಷಣಾ ಗುಣಾಂಕ; ಬೆಳಕಿನ ಅಧ್ಯಾಯಕ್ಕೆ ಬಂದರೆ ವಕ್ರೀಭವನ ಸೂಚ್ಯಂಕ; ಕಾಂತತ್ವದಲ್ಲಿ ಪಾರಗಮ್ಯತೆ; ಸಂಖ್ಯಾಶಾಸ್ತ್ರದಲ್ಲಿ ಸರಾಸರಿ. ಮೈಕ್ರೋಮೀಟರ್, ಮೈಕ್ರೋಸೆಕೆಂಡ್‌ಗಳನ್ನು ಸಂಕ್ಷಿಪ್ತವಾಗಿ ಬರೆಯುವಾಗಲೂ ಅದೇ ಅಕ್ಷರ. ನಿನ್ನೆ ಒಂದು ಲೆಕ್ಕದಲ್ಲಿ ‘10 ಮ್ಯೂ ಎಫ್’ ಎಂದು ಕಂಡಾಗ, ಅದು ಕೆಪಾಸಿಟರಿನ ಮೈಕ್ರೋಫ್ಯಾರಡ್ ಎಂದು ಹೊಳೆಯುವ ಮೊದಲು, ಘರ್ಷಣಾ ಗುಣಾಂಕವನ್ನು ಬಲದಿಂದ ಗುಣಿಸಬೇಕೇನೋ ಎಂದು ಒಂದು ಕ್ಷಣ ತಡವರಿಸಿದೆ. ಈ ಅರ್ಥಗಳ ನಡುವೆ ಏನಾದರೂ ಒಳಸಂಬಂಧವಿದೆಯೇ? ಯಾವ ಮ್ಯೂ ಯಾವುದೆಂದು ಗುರುತಿಸಲು ಖಚಿತವಾದ ಕ್ರಮವೊಂದು ಇದೆಯೇ?

ಉತ್ತರ 1 (ಭೌತಶಾಸ್ತ್ರ ಬೋಧಕರು)

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಕ್ರಮ ಮುದ್ರಿತ ಪುಟದಲ್ಲೇ ಇದೆ, ಆದರೆ ಅದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವವರು ಕಡಿಮೆ. ಅಂತರರಾಷ್ಟ್ರೀಯ ಮಾನ ಪದ್ಧತಿಯ ನಿಯಮದಂತೆ ಭೌತಪರಿಮಾಣಗಳ ಸಂಕೇತಗಳನ್ನು ವಾಲಿದ ಅಕ್ಷರದಲ್ಲಿಯೂ, ಏಕಮಾನಗಳನ್ನು ಮತ್ತು ಅವುಗಳ ಪೂರ್ವಪ್ರತ್ಯಯಗಳನ್ನು ನೆಟ್ಟಗಿನ ಅಕ್ಷರದಲ್ಲಿಯೂ ಅಚ್ಚು ಹಾಕಬೇಕು. ಆದ್ದರಿಂದ ಘರ್ಷಣಾ ಗುಣಾಂಕದ ಮ್ಯೂ ಬಲಕ್ಕೆ ವಾಲಿರುತ್ತದೆ, ಮೈಕ್ರೋಫ್ಯಾರಡ್‌ನ ಮ್ಯೂ ನೆಟ್ಟಗೆ ನಿಂತಿರುತ್ತದೆ. ಎಚ್ಚರಿಕೆಯಿಂದ ಅಚ್ಚಾದ ಪುಸ್ತಕವೊಂದನ್ನು ತೆರೆದು ಹೋಲಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕರಿಹಲಗೆಯ ಮೇಲೂ ಕೈಬರಹದಲ್ಲೂ ಈ ಭೇದ ಅಳಿಸಿಹೋಗುವುದರಿಂದಲೇ ತೊಡಕು ಹುಟ್ಟುತ್ತದೆ. ಅಂಥ ಕಡೆ ಸ್ಥಾನವನ್ನು ನೋಡಬೇಕು: ಸಂಖ್ಯೆಯ ನಂತರ ಬಂದು, ಏಕಮಾನದ ಅಕ್ಷರಕ್ಕೆ ಎಡೆ ಬಿಡದೆ ಅಂಟಿಕೊಂಡಿದ್ದರೆ ಅದು ಮೈಕ್ರೋ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

ಇನ್ನು ಒಳಸಂಬಂಧದ ವಿಚಾರ. ಅರ್ಥಗಳ ನಡುವೆ ಸಂಬಂಧವಿಲ್ಲ. ಅವುಗಳಲ್ಲಿ ಹಲವನ್ನು ಒಟ್ಟಿಗೆ ತಂದಿರುವುದು ‘ಮ’ಕಾರದ ಧ್ವನಿ. ಮೈಕ್ರೋ ಎಂಬುದು ಸಣ್ಣದು ಎಂಬರ್ಥದ ‘ಮಿಕ್ರೋಸ್’ ಎಂಬ ಗ್ರೀಕ್ ಪದದಿಂದ ಬಂದಿದೆ. ಇದಕ್ಕೆ ನನಗೆ ಪ್ರಿಯವಾದ ಉದಾಹರಣೆ ಮ್ಯೂಆನ್ ಎಂಬ ಕಣ. 1936ರಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡರ್‌ಮೇಯರ್ ವಿಶ್ವಕಿರಣಗಳಲ್ಲಿ ಇದನ್ನು ಗುರುತಿಸಿದರು. ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವಿನ ದ್ರವ್ಯರಾಶಿ ಇದ್ದುದರಿಂದ, ನಡುವಿನದು ಎಂಬರ್ಥದ ‘ಮೆಸೋಸ್’ ಪದವನ್ನು ಹಿಡಿದು ಅದನ್ನು ಮೊದಲು ಮೆಸೊಟ್ರಾನ್ ಎಂದು ಕರೆಯಲಾಯಿತು. 1947ರಲ್ಲಿ ಪೈ ಮೆಸಾನ್ ಎಂಬ ಇನ್ನೊಂದು ಕಣ ಪತ್ತೆಯಾದ ಮೇಲೆ ಎರಡನ್ನೂ ಬೇರ್ಪಡಿಸಲು ಹಳೆಯದು ಮ್ಯೂ ಮೆಸಾನ್ ಆಯಿತು. ಅದು ಮೆಸಾನ್ ಜಾತಿಗೇ ಸೇರಿದ್ದಲ್ಲ ಎಂದು ಸ್ಪಷ್ಟವಾದಾಗ ಹೆಸರಿನಲ್ಲಿ ಉಳಿದದ್ದು ಆ ಗ್ರೀಕ್ ಅಕ್ಷರ ಮಾತ್ರ. ಇದರ ದ್ರವ್ಯರಾಶಿ ಎಲೆಕ್ಟ್ರಾನಿನ ಸುಮಾರು 207 ಪಟ್ಟು, ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಹೀಗಾಗಿ ಕಣಭೌತಶಾಸ್ತ್ರದ ಒಂದೇ ಸಾಲಿನಲ್ಲಿ ಮ್ಯೂ ಒಮ್ಮೆ ಕಣವಾಗಿಯೂ ಮತ್ತೊಮ್ಮೆ ಅದರ ಆಯುಸ್ಸಿನ ಅಳತೆಯಾಗಿಯೂ ಬರುತ್ತದೆ, ಆದರೂ ಓದುವವರು ಎಡವುವುದಿಲ್ಲ. ಕಣಗಳ ಸಂಕೇತವನ್ನೂ ನೆಟ್ಟಗೇ ಅಚ್ಚು ಹಾಕುವುದು ವಾಡಿಕೆಯಾದ್ದರಿಂದ ಇಲ್ಲಿ ನೆರವಿಗೆ ಬರುವುದು ಅಕ್ಷರದ ವಾಲಿಕೆಯಲ್ಲ, ಅದು ನಿಂತ ಜಾಗ.

ಘರ್ಷಣೆಯ ಮ್ಯೂವನ್ನು ಕೈಯಾರೆ ಅಳೆದು ನೋಡಿದರೆ ಅದು ಬೇರೆ ಮ್ಯೂಗಳೊಡನೆ ಎಂದೂ ಬೆರೆಯದು. ಹಲಗೆಯೊಂದರ ಮೇಲೆ ಪುಸ್ತಕವನ್ನಿಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪುಸ್ತಕ ಜಾರತೊಡಗುವ ಕ್ಷಣದಲ್ಲಿ ಹಲಗೆಯ ಓರೆ 31 ಡಿಗ್ರಿ ಇದ್ದರೆ, ಆ ಕೋನದ ಟ್ಯಾಂಜೆಂಟ್ ಆದ ಸುಮಾರು 0.6 ಎಂಬುದೇ ನಿಮ್ಮ ಸ್ಥಾಯಿ ಘರ್ಷಣೆಯ ಮ್ಯೂ. ಪುಸ್ತಕದ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಉತ್ತರಕ್ಕೆ ಏಕಮಾನವೂ ಇಲ್ಲ. ಕಾಂತೀಯ ಪಾರಗಮ್ಯತೆಗಾದರೋ ‘ಹೆನ್ರಿ ಪ್ರತಿ ಮೀಟರ್’ ಎಂಬ ಏಕಮಾನವಿದೆ. ವಕ್ರೀಭವನ ಸೂಚ್ಯಂಕಕ್ಕೂ ಏಕಮಾನವಿಲ್ಲ, ಆದರೆ ಅಂತರರಾಷ್ಟ್ರೀಯ ಬಳಕೆಯಲ್ಲಿ ಅದಕ್ಕೆ ‘ಎನ್’ ಅಕ್ಷರವೇ ಹೆಚ್ಚು ರೂಢಿಯಲ್ಲಿದೆ. ನಿಮಗೂ ಅದನ್ನೇ ಬಳಸಲು ಸಲಹೆ ಕೊಡುತ್ತೇನೆ. ಒಂದು ಗೊಂದಲವಾದರೂ ಕಳೆಯುತ್ತದೆ.

ಉತ್ತರ 2 (ಔಷಧಶಾಸ್ತ್ರದವರು)

ಮೇಲಿನ ಉತ್ತರದಲ್ಲಿ ಕೈಬರಹದ ಪ್ರಸ್ತಾಪ ಬಂದಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಕ್ಷೇತ್ರದಲ್ಲಿ ಈ ಅಕ್ಷರವನ್ನು ತಪ್ಪಾಗಿ ಓದುವುದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಥೈರಾಕ್ಸಿನ್ ಮಾತ್ರೆಯ ಪ್ರಮಾಣ 100 ಮೈಕ್ರೋಗ್ರಾಂ ಎಂದುಕೊಳ್ಳಿ. ಅವಸರದಲ್ಲಿ ಗೀಚಿದ ಮ್ಯೂ ಇಂಗ್ಲಿಷಿನ ‘ಎಮ್’ನಂತೆ ಕಂಡರೆ ಅದೇ ಬರಹ 100 ಮಿಲಿಗ್ರಾಂ ಆಗುತ್ತದೆ, ಅಂದರೆ ಸಾವಿರ ಪಟ್ಟು. ಅಮೆರಿಕದ ‘ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಶನ್ ಪ್ರಾಕ್ಟಿಸಸ್’ ಸಂಸ್ಥೆ ಪ್ರಮಾದಕ್ಕೆ ಎಡೆಕೊಡುವ ಸಂಕ್ಷೇಪಗಳ ಪಟ್ಟಿಯಲ್ಲಿ ಇದನ್ನು ಸೇರಿಸಿ, ಮ್ಯೂ ಬದಲು ‘ಎಂಸಿಜಿ’ ಎಂದು ಬರೆಯುವಂತೆ ಸೂಚಿಸಿದೆ. ಮೈಕ್ರೋಗ್ರಾಂ ಎಂದು ಪೂರ್ತಿಯಾಗಿ ಬರೆಯುವುದು ಎಲ್ಲಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಮ’ಕಾರದ ಮಾತಿಗೆ ಇನ್ನೊಂದು ಪುರಾವೆಯೂ ನಮ್ಮಲ್ಲಿದೆ. ನೋವು ನಿವಾರಕಗಳು ಹೋಗಿ ಕೂಡಿಕೊಳ್ಳುವ ಒಪಿಯಾಯ್ಡ್ ಗ್ರಾಹಕಗಳಲ್ಲಿ ಒಂದು ಬಗೆಯನ್ನು ಮ್ಯೂ ಎನ್ನುವುದು ಮಾರ್ಫಿನ್ ಪದದ ಮೊದಲ ಅಕ್ಷರದಿಂದ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನೆಟ್ಟಗಿನ ಮತ್ತು ವಾಲಿದ ಅಕ್ಷರದ ಭೇದವನ್ನು ಪುಸ್ತಕ ತೆರೆದು ನೋಡಿದೆ, ಹೇಳಿದ ಹಾಗೆಯೇ ಇದೆ. ಆದರೆ ಸಂಖ್ಯಾಶಾಸ್ತ್ರದ ಒಳಗೇ ನನಗೊಂದು ತೊಡಕಿದೆ: ಬರಿಯ ಮ್ಯೂ ಸರಾಸರಿಯಾದರೆ, ಕೆಳಗೆ 2 ಎಂದು ಬರೆದ ಮ್ಯೂ ಏಕೆ ಎರಡನೆಯ ಸರಾಸರಿಯಲ್ಲ?

ಉತ್ತರ 3 (ಗಣಿತದವರು)

ಅದು ಬೇರೊಂದು ‘ಮ’ಕಾರ, ಮೊಮೆಂಟ್ ಎಂಬ ಪದದ್ದು. ಪ್ರತಿಯೊಂದು ಬೆಲೆಯೂ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆದರೆ ಬರುವ ಎರಡನೆಯ ಕೇಂದ್ರೀಯ ಮೊಮೆಂಟಿಗೆ, ಅಂದರೆ ವೇರಿಯನ್ಸ್‌ಗೆ, ಆ ಸಂಕೇತ. ಪಾದಾಂಕವಿಲ್ಲದ ಮ್ಯೂ ಇಡೀ ಸಮಷ್ಟಿಯ ಸರಾಸರಿ. ಮಾದರಿಯಿಂದ ಲೆಕ್ಕ ಹಾಕಿದ ಸರಾಸರಿಗೆ ತಲೆಯ ಮೇಲೆ ಗೆರೆ ಎಳೆದ ‘ಎಕ್ಸ್’ ಬರೆಯುತ್ತಾರೆ. ಈ ಎರಡನ್ನು ಅದಲುಬದಲು ಮಾಡಬೇಡಿ, ಏಕೆಂದರೆ ಮೊದಲನೆಯದು ನಾವು ಊಹಿಸಲು ಹೊರಟಿರುವ ಬೆಲೆ, ಎರಡನೆಯದು ಕೈಯಲ್ಲಿರುವ ಬೆಲೆ.

ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಸರಾಸರಿಯನ್ನು ನಮ್ಮ ಪಠ್ಯಗಳು ಮಾಧ್ಯ ಎಂದೂ ಕರೆಯುತ್ತವೆ. ಉನ್ನತ ಗಣಿತದಲ್ಲಿ ಮ್ಯೂ ಸೂಚಿಸುವ ಇನ್ನೊಂದು ಕಲ್ಪನೆ ಮಾಪನ. ಎರಡೂ ‘ಮ’ಕಾರದಿಂದಲೇ ಆರಂಭವಾಗುವುದರಿಂದ ನೆನಪಿಡುವುದು ಸುಲಭ. ಸಂಖ್ಯಾಸಿದ್ಧಾಂತದ ಮ್ಯೂ ಮಾತ್ರ ಒಬ್ಬ ವ್ಯಕ್ತಿಯ ಹೆಸರಿನದು: 1832ರಲ್ಲಿ ಮೋಬಿಯಸ್ ಪರಿಚಯಿಸಿದ ಉತ್ಪನ್ನ (ಫಂಕ್ಷನ್). 30ರಂತೆ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಅದರ ಬೆಲೆ ಋಣ 1. 12ರಂತೆ ಯಾವುದಾದರೂ ಅವಿಭಾಜ್ಯದ ವರ್ಗದಿಂದ ಭಾಗವಾಗುವ ಸಂಖ್ಯೆಗೆ ಸೊನ್ನೆ.

ಉತ್ತರ 4 (ತಾಂತ್ರಿಕ ದಾಖಲೆಗಳನ್ನು ಸಿದ್ಧಪಡಿಸುವವರು)

ಹಳೆಯ ಪುಸ್ತಕಗಳನ್ನು ಓದುವವರು ಇನ್ನೊಂದು ಮ್ಯೂವನ್ನೂ ತಿಳಿದಿರಬೇಕು. ಮೈಕ್ರಾನ್ ಎಂಬ ಏಕಮಾನಕ್ಕೆ ಬರಿಯ ಮ್ಯೂ ಒಂದೇ ಸಂಕೇತವಾಗಿತ್ತು. 1967ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಅದನ್ನು ರದ್ದುಪಡಿಸಿತು, ಈಗ ಮೈಕ್ರೋಮೀಟರ್ ಎಂದೇ ಬರೆಯಬೇಕು. ಹಳೆಯ ರೋಹಿತಶಾಸ್ತ್ರದ ಪುಟಗಳಲ್ಲಿ ಸೋಡಿಯಂನ ಹಳದಿ ಬೆಳಕಿನ ತರಂಗಾಂತರ ‘589 ಎಮ್ ಮ್ಯೂ’ ಎಂದು ಕಂಡರೆ ಅದು ಮಿಲಿಮೈಕ್ರಾನ್, ಅಂದರೆ ಇಂದಿನ 589 ನ್ಯಾನೋಮೀಟರ್.

ಕಂಪ್ಯೂಟರಿನಲ್ಲಿ ಸಮಸ್ಯೆ ಬೇರೆ ಬಗೆಯದು. ಯುನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ನೋಡಲು ಒಂದೇ ತೆರನಾದ ಎರಡು ಮ್ಯೂಗಳಿವೆ: 181ನೆಯ ಸ್ಥಾನದಲ್ಲಿ ಮೈಕ್ರೋ ಚಿಹ್ನೆ, 956ನೆಯ ಸ್ಥಾನದಲ್ಲಿ ಗ್ರೀಕ್ ಅಕ್ಷರ. ಒಂದನ್ನು ಬಳಸಿ ಬರೆದದ್ದನ್ನು ಇನ್ನೊಂದರಿಂದ ಹುಡುಕಿದರೆ ಎಷ್ಟೋ ತಂತ್ರಾಂಶಗಳಲ್ಲಿ ಸಿಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ನನ್ನ ಕೈಯಲ್ಲೇ ನಡೆಯಿತು. ಲೇಪನದ ದಪ್ಪವನ್ನು ದಾಖಲಿಸಿದ್ದ ಕೋಷ್ಟಕವೊಂದರ ಶೀರ್ಷಿಕೆಗಳನ್ನೆಲ್ಲ ದೊಡ್ಡಕ್ಷರಕ್ಕೆ ಬದಲಿಸುವ ಆಜ್ಞೆ ಕೊಟ್ಟಿದ್ದೆ. ಮ್ಯೂವಿನ ದೊಡ್ಡಕ್ಷರ ಇಂಗ್ಲಿಷಿನ ದೊಡ್ಡ ‘ಎಮ್’ನಂತೆಯೇ ಇರುವುದರಿಂದ, ಮೈಕ್ರೋಮೀಟರ್ ಎಂದಿದ್ದ ಕಂಬದ ತಲೆಯಲ್ಲಿ ಎರಡು ‘ಎಮ್’ಗಳು ಬಂದು ಕುಳಿತವು, ಓದುವವರಿಗೆ ಅದು ಮಿಲಿಮೀಟರ್. ಒಳಗಿನ ಸಂಖ್ಯೆಗಳು ಹಾಗೆಯೇ ಇದ್ದುದರಿಂದ 40 ಮೈಕ್ರೋಮೀಟರಿನ ಲೇಪನ 40 ಮಿಲಿಮೀಟರಿನದಾಗಿ ತೋರಿತು. ಅಷ್ಟು ದಪ್ಪದ ಲೇಪನ ಇರಲಾರದು ಎಂದು ಪರಿಶೀಲಿಸಿದವರಿಗೆ ಅನಿಸಿದ್ದರಿಂದ ತಪ್ಪು ಹೊರಬಿತ್ತು. ಅಂದಿನಿಂದ ಏಕಮಾನವಿರುವ ಶೀರ್ಷಿಕೆಗಳನ್ನು ಆ ಆಜ್ಞೆಯಿಂದ ಹೊರಗಿಡುತ್ತೇನೆ, ಮತ್ತು ದಾಖಲೆ ಕಳುಹಿಸುವ ಮುನ್ನ 181ನೆಯ ಚಿಹ್ನೆಗಳನ್ನೆಲ್ಲ 956ನೆಯದಕ್ಕೆ ಬದಲಿಸಿಕೊಳ್ಳುತ್ತೇನೆ.