ಸಹಾಯ ಬೇಕು: ಪಿನಾಲ್ ಏರ್‌ಪಾರ್ಕ್ ಒಳಗೆ ಹೋಗಿ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಊರಿಂದ ಅಪ್ಪ ಬಂದಿದ್ದಾರೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ದುಡಿದವರು. ಗ್ರ್ಯಾಂಡ್ ಕ್ಯಾನಿಯನ್ ತೋರಿಸಿದರೆ "ಚೆನ್ನಾಗಿದೆ" ಅಂದು ಸುಮ್ಮನಾದರು. ಅವರಿಗೆ ಬೇಕಿರುವುದು ಮರಾನಾ ಹತ್ತಿರದ ಪಿನಾಲ್ ಏರ್‌ಪಾರ್ಕ್, ಹಾರಾಟ ಮುಗಿಸಿದ ವಿಮಾನಗಳನ್ನು ಮರುಭೂಮಿಯಲ್ಲಿ ನಿಲ್ಲಿಸಿರುವ ಜಾಗ.

ಕಳೆದ ಭಾನುವಾರ ಸುಮ್ನೆ ಒಂದು ಸುತ್ತು ಹೋಗಿ ಬಂದೆವು. ಬೇಲಿ ಆಚೆ ಬರೀ ಬಾಲಗಳ ಸಾಲು. ಒಂದರ ಮೈಮೇಲಿದ್ದ ಕಂಪನಿ ಹೆಸರಿಗೆ ಬಿಳಿ ಬಣ್ಣ ಬಳಿದಿದ್ದರು. ಕಿಟಕಿಗಳಿಗೆ ಹೊಳೆಯುವ ಹಾಳೆ, ಎಂಜಿನ್ ಇರಬೇಕಾದ ಕಡೆ ಖಾಲಿ. ಅಪ್ಪ ಬೇಲಿ ಹಿಡಿದು ನಿಂತು, "ಇಲ್ಲಿ ಗಾಳಿಯಲ್ಲಿ ಪಸೆಯೇ ಇಲ್ಲ, ಅದಕ್ಕೇ ಬೇಗ ತುಕ್ಕು ಹಿಡಿಯಲ್ಲ. ನೆಲವೂ ಗಟ್ಟಿ ನೋಡು, ಕಾಂಕ್ರೀಟ್ ಇಲ್ಲದೆಯೂ ನಿಲ್ಲಿಸಬಹುದು" ಅಂತ ನನಗೇ ಪಾಠ ಮಾಡಿದರು. ಒಳಗೆ ಹೋಗೋದು ಹೇಗೆ ಅಂತ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ!

ಯಾರನ್ನು ಕೇಳಬೇಕು? ಮೊದಲೇ ಫೋನ್ ಮಾಡಿದರೆ ಯಾರಾದರೂ ಕರೆದುಕೊಂಡು ಹೋಗಿ ತೋರಿಸುತ್ತಾರಾ? ಅಪ್ಪನಿಗೆ 72, ಮಂಡಿನೋವು ಬೇರೆ. ಜಾಸ್ತಿ ನಡೆಯಲು ಆಗಲ್ಲ, ಕಾರಲ್ಲೇ ಸುತ್ತಲು ಬಿಡುತ್ತಾರಾ? ಫೋಟೋ ತೆಗೆಯಬಹುದಾ? ಟೂಸಾನ್‌ನ ಪೀಮಾ ಮ್ಯೂಸಿಯಂಗೆ ಹೇಗೂ ಕರೆದುಕೊಂಡು ಹೋಗುತ್ತೇನೆ. ಆದರೆ ಅಲ್ಲಿ ಇಟ್ಟಿರುವುದು ತೊಳೆದು ಒರೆಸಿದ ವಿಮಾನಗಳು, ಅಪ್ಪನಿಗೆ ಬಿಚ್ಚಿ ಹಾಕಿದ್ದೇ ನೋಡಬೇಕಂತೆ.

28ಕ್ಕೆ ಅವರು ವಾಪಸ್ ಹೊರಡುತ್ತಾರೆ. ಅಷ್ಟರೊಳಗೆ ಹೋಗಬೇಕು. ಹೋಗಿ ಬಂದವರು ದಯವಿಟ್ಟು ತಿಳಿಸಿ.