ಅಪ್‌ಡೇಟ್: ಹನೋಯ್‌ನಲ್ಲಿ ಹೋ ಚಿ ಮಿನ್ ಸಮಾಧಿ ನೋಡಿ ಬಂದೆವು

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿರುವ, ಆ ದೇಶದ ಸ್ವಾತಂತ್ರ್ಯ ನಾಯಕ ಹೋ ಚಿ ಮಿನ್ ಅವರ ಸಮಾಧಿಗೆ ವಯಸ್ಸಾದ ಅಪ್ಪನನ್ನು ಕರೆದುಕೊಂಡು ಹೋಗಬಹುದಾ, ಬಟ್ಟೆ ಹೇಗಿರಬೇಕು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಹೋಗಿ ಬಂದೆವು.

ಸಮಾಧಿ ತೆರೆದಿರುವುದು ಬೆಳಗ್ಗೆ ಮಾತ್ರ, ಸೋಮವಾರ ಮತ್ತು ಶುಕ್ರವಾರ ರಜೆ. ವರ್ಷಕ್ಕೊಮ್ಮೆ ದುರಸ್ತಿಗೆಂದು ಕೆಲವು ವಾರ ಮುಚ್ಚುತ್ತಾರೆ. ಟಿಕೆಟ್ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಚಡ್ಡಿ, ತೋಳಿಲ್ಲದ ಅಂಗಿ ನಡೆಯುವುದಿಲ್ಲ. ಒಳಗೆ ಫೋಟೊ ಇಲ್ಲ, ಮಾತಿಲ್ಲ, ಜೇಬಿನಲ್ಲಿ ಕೈ ಇಟ್ಟರೂ ಕಾವಲುಗಾರರು ಸನ್ನೆ ಮಾಡುತ್ತಾರೆ.

ಸಾಲು ಉದ್ದವಿದ್ದರೂ ನಿಲ್ಲದೆ ಸಾಗುತ್ತದೆ. ಕೆಡದಂತೆ ಕಾಪಾಡಿದ ಹೋ ಅವರ ದೇಹ ಇಟ್ಟಿರುವ ಗಾಜಿನ ಪೆಟ್ಟಿಗೆಯ ಸುತ್ತ ನಡೆಯುತ್ತಲೇ ನೋಡಬೇಕು, ನಿಲ್ಲುವ ಹಾಗಿಲ್ಲ. ಒಂದೆರಡು ನಿಮಿಷ ಸಿಕ್ಕರೆ ಜಾಸ್ತಿ! ಒಳಗೆ ತುಂಬಾ ತಂಪು, ಅಪ್ಪನಿಗೆ ಶಾಲು ಬೇಕಾಯಿತು.

1945ರ ಸೆಪ್ಟೆಂಬರ್ 2ರಂದು ಸಮಾಧಿ ಇರುವ ಇದೇ ಬಾ ದಿನ್ ಚೌಕದಲ್ಲಿ ಹೋ ಸ್ವಾತಂತ್ರ್ಯ ಘೋಷಿಸಿದ್ದರು. ತೀರಿಕೊಂಡದ್ದೂ ಸೆಪ್ಟೆಂಬರ್ 2ರಂದೇ, 1969ರಲ್ಲಿ. ತನ್ನನ್ನು ಸುಟ್ಟು, ಬೂದಿಯನ್ನು ದೇಶದ ಉತ್ತರ, ಮಧ್ಯ, ದಕ್ಷಿಣ ಭಾಗಗಳಲ್ಲಿ ಹಂಚಿ ಎಂದು ಉಯಿಲಿನಲ್ಲಿ ಬರೆದಿದ್ದರು. ಆದರೂ 1975ರಲ್ಲಿ ಇಷ್ಟು ದೊಡ್ಡ ಕಲ್ಲಿನ ಕಟ್ಟಡ ಎದ್ದಿತು. ನೋಡುವಾಗ ನನಗೆ ಇದೇ ಕೊರೆಯುತ್ತಿತ್ತು. ಬೇಡ ಅಂದವರಿಗೇ ಹೀಗೆ ಮಾಡುವುದು ವಿಚಿತ್ರ ಅಲ್ವಾ?

ನನಗೆ ಹೆಚ್ಚು ಹಿಡಿಸಿದ್ದು ಹಿಂದಿನ ತೋಟದಲ್ಲಿರುವ ಅವರ ಮರದ ಮನೆ. ಕಂಬಗಳ ಮೇಲೆ ನಿಂತಿರುವ ಪುಟ್ಟ ಮನೆ, ಪಕ್ಕದಲ್ಲೇ ಮೀನಿನ ಕೊಳ. ಅಧ್ಯಕ್ಷರ ಅರಮನೆ ಹತ್ತಿರವೇ ಇದ್ದರೂ ಹೋ ಅದರಲ್ಲಿ ವಾಸ ಮಾಡಲಿಲ್ಲ. ಅಪ್ಪ ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಒಂದೇ ಕಂಬದ ಪಗೋಡ ಕೂಡ ಅಲ್ಲೇ ಇದೆ, ಬಿಡಬೇಡಿ. ನಡೆಯುವುದು ಸಾಕಷ್ಟಿದೆ, ಮೆತ್ತನೆಯ ಚಪ್ಪಲಿ ಹಾಕಿಕೊಂಡು ಹೋಗಿ.