ಮ್ಯೂನಿಕ್‌ನಿಂದ ರೆಗೆನ್ಸ್‌ಬರ್ಗ್: ಒಂದೇ ದಿನ, ಅಪ್ಪನ ಜೊತೆ

ಕೊಥ್ರೂಡ್ ಕನ್ನಡತಿ:
ನಮಸ್ಕಾರ. ಮುಂದಿನ ತಿಂಗಳು ಅಪ್ಪನನ್ನು ಕರೆದುಕೊಂಡು ಪುಣೆಯಿಂದ ಮ್ಯೂನಿಕ್‌ಗೆ, ತಮ್ಮನ ಮನೆಗೆ ಹೊರಟಿದ್ದೇನೆ. ಒಂದು ಭಾನುವಾರ ರೆಗೆನ್ಸ್‌ಬರ್ಗ್ ನೋಡಿ ಸಂಜೆ ವಾಪಸ್ ಬರುವ ಯೋಚನೆ. ಅಪ್ಪನಿಗೆ 71. ಧಾರವಾಡದ ಹೈಸ್ಕೂಲಿನಲ್ಲಿ 30 ವರ್ಷ ವಿಜ್ಞಾನ ಕಲಿಸಿದವರು. ಮಂಡಿನೋವಿದೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. "ಚರ್ಚು, ಸೇತುವೆ, ಅಷ್ಟೇ. ಎರಡು ತಾಸು ಸಾಕು" ಅನ್ನುತ್ತಾನೆ ತಮ್ಮ. ಹೌದಾ?

ಶನಿವಾರ ಪೇಠೆಯವಳು:
ಎರಡು ತಾಸು ಏನೂ ಸಾಲುವುದಿಲ್ಲ ಅಕ್ಕಾ. ಇಡೀ ದಿನ ಇಟ್ಟುಕೊಳ್ಳಿ. ಸ್ಟೇಷನ್‌ನಿಂದ ಹಳೇ ಊರಿಗೆ ಕಾಲು ಗಂಟೆ ನಡಿಗೆ. ಒಳಗೆ ಕಲ್ಲು ಹಾಸಿದ ಬೀದಿಗಳು, ಅಪ್ಪನಿಗೆ ಮೆತ್ತನೆ ಶೂ ಹಾಕಿಸಿ.

ಮೊದಲು ಕಲ್ಲು ಸೇತುವೆಗೆ ಹೋಗಿ. 1135ರಲ್ಲಿ ಶುರುಮಾಡಿ 11 ವರ್ಷಕ್ಕೆ ಮುಗಿಸಿದ್ದು. ಈಗ ಕಾರು ಬಿಡುವುದಿಲ್ಲ, ನಿಧಾನಕ್ಕೆ ನಡೆಯಬಹುದು. ಕಮಾನುಗಳ ಕೆಳಗೆ ಡ್ಯಾನ್ಯೂಬ್ ಸುಳಿ ಸುತ್ತುತ್ತಾ ನುಗ್ಗುತ್ತದೆ. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಪಕ್ಕದಲ್ಲೇ ಹಳೇ ಸಾಸೇಜ್ ಹೋಟೆಲ್ ಇದೆ. ನೀವು ತಿನ್ನುವ ಜಾಗ ಅಲ್ಲ, ಆದರೆ ಗೋಡೆ ನೋಡಿ. ಯಾವ ವರ್ಷ ನೆರೆ ಎಲ್ಲಿವರೆಗೆ ಏರಿತ್ತು ಅಂತ ಗುರುತು ಹಾಕಿದ್ದಾರೆ. ನನಗೆ ಮೈ ಜುಮ್ಮೆಂದಿತು. 1961ರ ಜುಲೈನಲ್ಲಿ ಪುಣೆ ಹತ್ತಿರದ ಪಾನ್‌ಶೇತ್ ಅಣೆಕಟ್ಟು ಒಡೆದಾಗ ನಮ್ಮ ಪೇಠೆಗೂ ಮುಠಾ ನದಿ ನೀರು ನುಗ್ಗಿತ್ತಲ್ವಾ. ಅತ್ತೆ ಈಗಲೂ ವಾಡೆಯ ಮೆಟ್ಟಿಲು ತೋರಿಸಿ "ಇಲ್ಲಿವರೆಗೆ" ಅನ್ನುತ್ತಾರೆ. ಗೋಡೆ ಮೇಲಿದ್ದ ಗುರುತು ಮಾತ್ರ ಬಣ್ಣ ಹೊಡೆಸಿದಾಗ ಹೋಯಿತು. ಅದನ್ನು ಉಳಿಸಿಕೊಳ್ಳಬೇಕಿತ್ತು.

ಡೊಂಬಿವಲಿ ರಾಯರು:
ವಿಜ್ಞಾನದ ಮಾಸ್ತರು ಅಂದಿರಲ್ಲ, ತಂಗೀ, ಖಗೋಳ ವಿಜ್ಞಾನಿ ಕೆಪ್ಲರ್ ತೀರಿಕೊಂಡ ಊರದು. 1630ರಲ್ಲಿ ತಮಗೆ ಬರಬೇಕಿದ್ದ ಬಾಕಿ ಹಣ ಕೇಳಲು ಬಂದವರು, ಜ್ವರ ಹಿಡಿದು ಅಲ್ಲೇ ತೀರಿಕೊಂಡರು. ಆಗ ನಡೆಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಲ್ಲಿ ಸಮಾಧಿಯೂ ಹಾಳಾಯಿತು. ಆದರೆ ಕೊನೆಯುಸಿರೆಳೆದ ಮನೆ ಇದೆ, ಸೇತುವೆಯಿಂದ ಹತ್ತಿರ, ಕೆಪ್ಲರ್ ಹೆಸರಿನ ಬೀದಿಯಲ್ಲೇ. ಗ್ರಹಗಳ ನಿಯಮ ಬೋರ್ಡಿನ ಮೇಲೆ ಬರೆದು ಕಲಿಸಿದವರು ಆ ಬಾಗಿಲ ಮುಂದೆ ಒಮ್ಮೆ ನಿಲ್ಲಲೇಬೇಕು.

ಪಿಂಪ್ರಿ ಪಾಟೀಲ:
ಬಯರ್ನ್ ಟಿಕೆಟ್ ಅಂತ ಆ ರಾಜ್ಯದ ಒಂದು ದಿನದ ರೈಲು ಟಿಕೆಟ್ ಇದೆ, ಅದನ್ನೇ ತಗೊಳ್ಳಿ, ಎಲ್ಲರಿಗೂ ಸೇರಿ ಒಂದೇ ಸಾಕು. ಐಸಿಇ ಅನ್ನುವ ವೇಗದ ರೈಲಿಗೆ ನಡೆಯುವುದಿಲ್ಲ, ಪ್ರಾದೇಶಿಕ ರೈಲಿನಲ್ಲಿ ಹೋಗಿ. ಸುಮಾರು ಒಂದೂವರೆ ಗಂಟೆ. ಭಾನುವಾರ ಅಂಗಡಿಗಳು ಬಂದ್. ಚೀಸ್ ಹಾಕಿದ ಶ್ಪೆಟ್ಸ್‌ಲೆ (ಅಲ್ಲಿಯ ನೂಡಲ್ಸ್ ಥರದ ತಿನಿಸು) ಮಾಂಸವಿಲ್ಲದ್ದು ಅಂತ ಕೊಡುತ್ತಾರೆ, ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ ನೋಡಿ. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು.

ಕೊಥ್ರೂಡ್ ಕನ್ನಡತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಪ್ಲರ್ ಮನೆ ಇದೆಯಂತೆ ಅಂದೆ ಅಪ್ಪನಿಗೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ಬಾಕಿ ಹಣ ಸಿಕ್ಕಿತೇನು ಅವರಿಗೆ?"